ಎಲೆ ಮುಟುರು ರೋಗವೂ ಅದನ್ನು ತಡೆಯುವ ಟೊಮೆಟೊ ತಳಿಗಳೂ

ಮಡಕಶಿರ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಕಡೆ ಟೊಮೆಟೊ ಬೆಳೆಯುವ ಒಕ್ಕಲುಮಕ್ಕಳಿಗೆ ಎಲೆ ಮುಟುರು ರೋಗವನ್ನು ನಾವು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಗಡಿಯಾಚೆಯ ಶಿರಾ, ಮಧುಗಿರಿ, ಪಾವಗಡದವರು ಎಲೆ ಮುಟುರು ಎನ್ನುತ್ತಾರೆ. ನಮ್ಮ ಸಂತೆಗಳಲ್ಲಿ, ಔಷಧದ ಅಂಗಡಿಗಳಲ್ಲಿ ಆಕುಮುಡತ ಎಂಬ ತೆಲುಗು ಹೆಸರೇ ಓಡಾಡುತ್ತದೆ. ಹೆಸರು ಯಾವುದಾದರೂ ಗಿಡ ಕೆಡುವ ರೀತಿ ಒಂದೇ. ಕುಡಿಯೆಲೆ ಹಳದಿಗೆ ತಿರುಗಿ, ಅಂಚು ಮುರುಟಿ, ಗೆಣ್ಣು ಗೆಣ್ಣಿನ ನಡುವಣ ಅಂತರ ಕುಗ್ಗಿ, ಗಿಡ ಕುಳ್ಳಾಗಿ ಪೊದೆಯಂತೆ ನಿಲ್ಲುತ್ತದೆ. ಹೂವು ಉದುರುತ್ತದೆ, ಕಚ್ಚಿದ ಕಾಯಿಯೂ ದಪ್ಪವಾಗುವುದಿಲ್ಲ.

ನಮ್ಮ ಸೀಮೆಗೆ ಮಳೆ ಕಡಿಮೆ. ಹಳೆಯ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ೫೫೦ ಮಿಲಿಮೀಟರಿನ ಆಸುಪಾಸು. ೨೦೨೨ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬದಲಾಯಿತೆಂದು ಮೋಡವೇನೂ ಬದಲಾಗಲಿಲ್ಲ. ಕೊಳವೆ ಬಾವಿಯಲ್ಲಿ ಎರಡು ಇಂಚು ನೀರು ಸಿಕ್ಕವನು ಅರ್ಧ ಎಕರೆಗೆ ಟೊಮೆಟೊ ಹಾಕುತ್ತಾನೆ. ಬೀಜ, ಕೋಲು, ದಾರ, ಗೊಬ್ಬರ, ಕೂಲಿ ಎಲ್ಲವೂ ಮುಂಗಡ ಹಣ, ಬಹುಪಾಲು ಸಾಲದ ಹಣ. ಬೇಸಿಗೆಯಲ್ಲಿ ಬೆಳೆದರೆ ಬೆಲೆ ಸಿಕ್ಕೀತೆಂಬ ಆಸೆ. ಆ ಬೇಸಿಗೆಯೇ ಈ ರೋಗಕ್ಕೂ ಹಬ್ಬ. ಆದ್ದರಿಂದ ಈ ರೋಗದ ಬಗೆಗೆ ವಿಜ್ಞಾನಿಗಳು ಏನು ಕಂಡುಕೊಂಡಿದ್ದಾರೆ, ಅದರಲ್ಲಿ ನಮಗೆ ಒದಗುವುದೆಷ್ಟು ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿಯೇ ನೋಡೋಣ.

ಭಾರತದಲ್ಲಿ ಈ ರೋಗವನ್ನು ಮೊದಲು ವರ್ಣಿಸಿದವರು ವಾಸುದೇವ ಮತ್ತು ಸ್ಯಾಮ್ ರಾಜ್ ಎಂಬುವರು, ೧೯೪೮ರಲ್ಲಿ. ಆಮೇಲೆ ೧೯೭೩ರಲ್ಲಿ ಶಾಸ್ತ್ರಿ ಮತ್ತು ಸಿಂಗ್ ಎಂಬ ಸಂಶೋಧಕರು ನಷ್ಟವನ್ನು ಲೆಕ್ಕ ಹಾಕಿ ತೋರಿಸಿದರು. ನಾಟಿಯಾದ ೨೦ ದಿನದೊಳಗೆ ರೋಗ ತಗುಲಿದ ಗಿಡದಲ್ಲಿ ಇಳುವರಿಯ ನಷ್ಟ ನೂರಕ್ಕೆ ೯೦ನ್ನೂ ಮೀರುತ್ತದೆ. ಗಿಡ ಬಲಿತಂತೆಲ್ಲ ಅದೇ ರೋಗದಿಂದ ಆಗುವ ನಷ್ಟ ಇಳಿಯುತ್ತ ಹೋಗುತ್ತದೆ. ಈ ಒಂದು ಮಾತನ್ನು ಓದುಗರು ಗಂಟು ಕಟ್ಟಿಕೊಳ್ಳಬೇಕೆಂದು ನಮ್ಮ ಬೇಡಿಕೆ. ರೋಗ ಬರುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಎಷ್ಟನೆಯ ದಿನ ಬರುತ್ತದೆ ಎಂಬುದೇ ಹೆಚ್ಚಿನ ಪ್ರಶ್ನೆ.

ರೋಗಕ್ಕೆ ಕಾರಣ ಒಂದು ನಂಜಾಣು, ಎಂದರೆ ವೈರಸ್ಸು. ಅದು ಬೀಜದಲ್ಲಿ ಬರುವುದಿಲ್ಲ, ಮಣ್ಣಿನಲ್ಲಿಲ್ಲ, ಒಂದು ಗಿಡ ಮುಟ್ಟಿ ಇನ್ನೊಂದು ಗಿಡ ಮುಟ್ಟಿದರೂ ಹರಡುವುದಿಲ್ಲ. ಗಿಡದಿಂದ ಗಿಡಕ್ಕೆ ಅದನ್ನು ಹೊತ್ತು ತರುವುದು ಬಿಳಿ ನೊಣ, ನಮ್ಮ ಕಡೆ ತೆಲ್ಲದೋಮ ಎನ್ನುವ ಹುಳು. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುತ್ತದೆ. ಗಿಡ ಅಲುಗಿಸಿದರೆ ಹಿಟ್ಟು ತೂರಿದಂತೆ ಏಳುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಜ್ಞಾನಿಯಾಗಿದ್ದ ವಿ. ಮುನಿಯಪ್ಪನವರೂ ಅವರ ಸಂಗಡಿಗರೂ ಈ ನೊಣದ ನಡತೆಯನ್ನು ಗಡಿಯಾರ ಹಿಡಿದು ಅಳೆದಿದ್ದಾರೆ. ಅವರ ಪ್ರಯೋಗದ ವಿವರ ೨೦೦೦ದಲ್ಲಿ ಪ್ರಕಟವಾಯಿತು. ರೋಗದ ಗಿಡದ ಮೇಲೆ ನೊಣ ಹತ್ತು ನಿಮಿಷ ಕುಳಿತು ರಸ ಹೀರಿದರೆ ನಂಜು ಅದರ ಒಡಲು ಸೇರಲು ಸಾಕು. ಆ ನಂಜು ನೊಣದ ಮೈಯಲ್ಲಿ ಸುತ್ತಿ ಬಾಯಿಗೆ ಬರಲು ಸುಮಾರು ಆರು ಗಂಟೆ ಬೇಕು. ಅನಂತರ ಒಳ್ಳೆಯ ಗಿಡದ ಮೇಲೆ ಇಪ್ಪತ್ತು ನಿಮಿಷ ಕುಳಿತರೆ ಆ ಗಿಡಕ್ಕೆ ರೋಗ ದಾಟಬಲ್ಲುದು. ಒಂದು ದಿನ ರೋಗದ ಗಿಡದ ಮೇಲಿದ್ದ ನೊಣ ಮುಂದೆ ಹನ್ನೆರಡು ದಿನಗಳವರೆಗೆ ರೋಗ ಹರಡಬಲ್ಲುದು. ಒಂದು ಗಿಡಕ್ಕೆ ಒಂದೇ ನೊಣ ಬಿಟ್ಟು ನೋಡಿದಾಗ ಹೆಣ್ಣು ನೊಣ ನೂರಕ್ಕೆ ೯೫ ಸಲ, ಗಂಡು ನೊಣ ನೂರಕ್ಕೆ ೨೫ ಸಲ ರೋಗ ಅಂಟಿಸಿತು. ಗಿಡಕ್ಕೆ ಐದು ನೊಣ ಬಿಟ್ಟರೆ ಒಂದು ಗಿಡವೂ ತಪ್ಪಿಸಿಕೊಳ್ಳಲಿಲ್ಲ.

ಈ ಲೆಕ್ಕವನ್ನು ನಾವು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ವಾರಕ್ಕೊಂದು, ಎರಡು, ಮೂರು ಸಲ ಔಷಧ ಹೊಡೆದೂ ತೋಟ ಮುಟುರಿಹೋಯಿತೆಂದು ಗೋಳಾಡುವವರು ನಮ್ಮ ಸುತ್ತಲೂ ಇದ್ದಾರೆ. ಔಷಧ ಕಳಪೆಯೆಂದು ಅಂಗಡಿಯವನನ್ನು ಬೈಯುತ್ತಾರೆ. ಕೆಲವೊಮ್ಮೆ ಅದು ಕಳಪೆಯೇ ಇದ್ದೀತು. ಆದರೆ ಒಳ್ಳೆಯ ಔಷಧವೂ ಇಲ್ಲಿ ಸೋಲುತ್ತದೆ. ಹೊರಗಿನಿಂದ ಹಾರಿಬಂದ ನೊಣ ಔಷಧ ತಗುಲಿದ ಎಲೆಯ ಮೇಲೆ ಕುಳಿತು, ರಸ ಹೀರಿ, ಆಮೇಲೆ ಸಾಯುತ್ತದೆ. ಅಷ್ಟರೊಳಗೆ ಅದರ ಇಪ್ಪತ್ತು ನಿಮಿಷ ಮುಗಿದಿರುತ್ತದೆ. ನೊಣ ಸತ್ತಿತು, ಗಿಡವೂ ಕೆಟ್ಟಿತು. ಒಂದೇ ಬಗೆಯ ಔಷಧವನ್ನು ಮೇಲಿಂದ ಮೇಲೆ ಹೊಡೆದರೆ ಅದಕ್ಕೆ ಬಗ್ಗದ ನೊಣಗಳೇ ಉಳಿದು ಮರಿಮಾಡುತ್ತವೆ ಎಂಬ ಇನ್ನೊಂದು ಕೇಡೂ ಇದೆ.

ನಮ್ಮ ನೆರೆಯ ಕೋಲಾರ ಜಿಲ್ಲೆಯಲ್ಲಿ ೧೯೯೯ರಲ್ಲಿ ಇದು ಸಾಂಕ್ರಾಮಿಕವಾಗಿ ಎದ್ದಿತು. ಮುನಿಯಪ್ಪನವರೂ ಇಂಗ್ಲೆಂಡಿನ ಜಾನ್ ಕಾಲ್ವಿನ್ ಮೊದಲಾದ ಸಂಶೋಧಕರೂ ಪರೀಕ್ಷಿಸಿ ನೋಡಿದಾಗ, ಅಲ್ಲಿ ಹಳೆಯ ಬಿಳಿ ನೊಣದ ಜೊತೆಗೆ ಹೊರದೇಶದಿಂದ ಬಂದ ‘ಬಿ’ ಎಂಬ ಹೊಸ ಬಗೆಯ ನೊಣ ಸೇರಿಕೊಂಡಿರುವುದು ಗೊತ್ತಾಯಿತು. ಭಾರತದಲ್ಲಿ ಆ ಬಗೆ ಕಂಡುಬಂದದ್ದು ಅದೇ ಮೊದಲು. ಎರಡು ಬಗೆಯ ನೊಣಗಳನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದು.

ಇನ್ನು ಟೊಮೆಟೊ ಇಲ್ಲದ ತಿಂಗಳುಗಳಲ್ಲಿ ನಂಜು ಎಲ್ಲಿರುತ್ತದೆ? ಬದುವಿನ ಕಳೆಗಿಡಗಳಲ್ಲಿ. ಮುನಿಯಪ್ಪನವರ ತಂಡ ದಕ್ಷಿಣ ಭಾರತದ ಹೊಲಗಳಲ್ಲಿ ಅನೇಕ ಕಳೆಗಳಲ್ಲಿ ಅದನ್ನು ಪತ್ತೆಮಾಡಿದೆ. ಕಳೆಯಿಂದ ಬೆಳೆಗೆ ನಂಜು ಬರುವುದೆಂದರೆ ಪುಸ್ತಕದ ಮಾತೆಂದು ಯಾರಾದರೂ ತಿಳಿದರೆ ಅವರಿಗೆ ೨೦೦೦ದ ಕಡಲೆಕಾಯಿ ಬೆಳೆಯನ್ನು ನೆನಪಿಸಬೇಕು. ಆ ವರ್ಷ ನಮ್ಮ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿಯ ಕಾಂಡ ಒಣಗುವ ನಂಜು ರೋಗ ಸುಮಾರು ೨ ಲಕ್ಷ ೨೫ ಸಾವಿರ ಹೆಕ್ಟೇರಿಗೆ ಹಬ್ಬಿ ೩೦೦ ಕೋಟಿ ರೂಪಾಯಿಗೂ ಮೀರಿದ ನಷ್ಟವಾಯಿತು. ಅದು ಬೇರೊಂದು ನಂಜು, ಅದನ್ನು ದಾಟಿಸಿದ ಹುಳುವೂ ಬೇರೆ, ನುಸಿಯ ಜಾತಿಯದು. ಆದರೆ ಆ ನಂಜು ಅಡಗಿ ಕುಳಿತಿದ್ದ ಮನೆ ಪಾರ್ಥೇನಿಯಂ, ಎಂದರೆ ಕಾಂಗ್ರೆಸ್ ಹುಲ್ಲು. ಆ ಗಿಡದಲ್ಲಿ ರೋಗದ ಗುರುತೇ ಕಾಣದು. ಹಸುರಾಗಿ ನಿಂತು ಹೂ ಬಿಡುತ್ತದೆ, ಅದರ ಪರಾಗದಲ್ಲಿ ನಂಜು ಇರುತ್ತದೆ. ಬದುವಿನಲ್ಲಿ ಆರೋಗ್ಯವಾಗಿ ಕಾಣುವ ಕಳೆ ನಿರಪಾಯಕಾರಿ ಎಂಬ ನಂಬಿಕೆಗೆ ನಮ್ಮ ಜಿಲ್ಲೆ ತೆತ್ತಷ್ಟು ಬೆಲೆಯನ್ನು ಬೇರಾರೂ ತೆತ್ತಿರಲಾರರು.

ನೊಣವನ್ನು ಪೂರ್ತಿ ಕೊಲ್ಲಲಾಗದು, ಕಳೆಯನ್ನು ಪೂರ್ತಿ ಕೀಳಲಾಗದು. ಹಾಗಾದರೆ ನಂಜು ಒಳಹೊಕ್ಕರೂ ಬಗ್ಗದ ಗಿಡವನ್ನೇ ಬೆಳೆಸಬಾರದೇಕೆ ಎಂಬುದು ತಳಿ ವಿಜ್ಞಾನಿಗಳ ಯೋಚನೆ. ನಾವು ಬೆಳೆಯುವ ಟೊಮೆಟೊದಲ್ಲಿ ಆ ಗುಣ ಇರಲಿಲ್ಲ. ಅದರ ಕಾಡು ದಾಯಾದಿಗಳು ದಕ್ಷಿಣ ಅಮೆರಿಕದ ಪೆರು, ಇಕ್ವೆಡಾರ್ ದೇಶಗಳ ಬೆಟ್ಟಗಳಲ್ಲಿವೆ. ಅವುಗಳಲ್ಲಿ ಒಂದಕ್ಕೆ ಮೈತುಂಬ ರೋಮ. ಕಾಯಿ ಗೋಲಿಯಷ್ಟು, ಹಣ್ಣಾದರೂ ಹಸುರು. ಬಾಯಿಗಿಡುವಂಥದಲ್ಲ. ಆದರೆ ಎಲೆ ಮುಟುರು ನಂಜನ್ನು ಅದು ತಡೆಯುತ್ತದೆ. ಹರಿಯಾಣದ ಹಿಸಾರಿನಲ್ಲಿ ಕಲ್ಲೂ ಮತ್ತು ಬ್ಯಾನರ್ಜಿ ಎಂಬ ವಿಜ್ಞಾನಿಗಳು ಈ ಕಾಡುಗಿಡದ ಗುಣವನ್ನು ನಾಡ ಟೊಮೆಟೊಗೆ ತಂದು ‘ಎಚ್ ೨೪’ ಎಂಬ ತಳಿಯನ್ನು ಮಾಡಿದರು. ಆ ಕೆಲಸದ ವಿವರ ೧೯೯೦ರಲ್ಲಿ ಪ್ರಕಟವಾಯಿತು.

ಇದನ್ನು ಮಾಡುವ ಕ್ರಮ ನಾಟಿ ಹಸುವಿಗೆ ಸೀಮೆ ಹೋರಿ ಕೊಡಿಸಿ ಹಾಲು ಹೆಚ್ಚಿಸಿಕೊಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಕಾಡುಗಿಡಕ್ಕೂ ನಾಡ ಟೊಮೆಟೊಗೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಅರ್ಧ ಕಾಡು, ಅರ್ಧ ನಾಡು. ಅದನ್ನು ಮತ್ತೆ ನಾಡ ಟೊಮೆಟೊಗೆ ಕೂಡಿಸಿದರೆ ಕಾಡಿನ ಪಾಲು ಕಾಲು ಭಾಗ, ಮತ್ತೊಮ್ಮೆ ಕೂಡಿಸಿದರೆ ಅರೆಕಾಲು. ಹೀಗೆ ಪ್ರತಿ ಪೀಳಿಗೆಯಲ್ಲಿಯೂ ಗಿಡಗಳಿಗೆ ನೊಣದಿಂದ ರೋಗ ತಗುಲಿಸಿ ನೋಡಿ, ಬಗ್ಗದೆ ನಿಂತ ಗಿಡದ ಬೀಜವನ್ನು ಮಾತ್ರ ಮುಂದಕ್ಕೆ ಒಯ್ಯುತ್ತಾರೆ. ಸಣ್ಣ ಕಾಯಿ, ಹಸುರು ಬಣ್ಣ, ಕಹಿ ಎಲ್ಲವೂ ತೊಲಗಿ ರೋಗ ತಡೆಯುವ ಗುಣವೊಂದು ಉಳಿಯುವವರೆಗೆ ಈ ಕೆಲಸ ಸಾಗಬೇಕು. ಆರೇಳು ಪೀಳಿಗೆ ಎಂದರೆ ಹಲವು ವರ್ಷ. ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡುವಾಗ ಇಷ್ಟು ಕಾಲ ಅದರ ಹಿಂದಿದೆ ಎಂಬುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ.

ಎಚ್ ೨೪ರ ಈ ಗುಣವನ್ನು ತೈವಾನಿನ ತರಕಾರಿ ಸಂಶೋಧನ ಕೇಂದ್ರದವರು ಬೇರೆ ಟೊಮೆಟೊಗಳಿಗೆ ಕೂಡಿಸಿದರು. ಅಂಥ ತಳಿಗಳನ್ನು ತರಿಸಿ ನಮ್ಮ ಸೀಮೆಯ ನೊಣ, ನಮ್ಮ ಸೀಮೆಯ ನಂಜಿನ ಎದುರು ನಿಲ್ಲಿಸಿ ಪರೀಕ್ಷಿಸಿದವರು ಮುನಿಯಪ್ಪನವರ ತಂಡ. ಗೆದ್ದ ಮೂರು ತಳಿಗಳ ವಿವರವನ್ನು ೨೦೦೨ರಲ್ಲಿ ಪ್ರಕಟಿಸಿದರು. ಸಂಕ್ರಾಂತಿ, ನಂದಿ, ವೈಭವ ಎಂದು ಅವಕ್ಕೆ ಹೆಸರಾಯಿತು. ಇವು ಮಿಶ್ರತಳಿಗಳಲ್ಲ, ಒಳ್ಳೆಯ ಗಿಡ ಆರಿಸಿ, ಹಣ್ಣು ಮಾಗಿಸಿ, ಬೀಜ ತೆಗೆದಿಟ್ಟುಕೊಂಡು ಮುಂದಿನ ಸಲ ಬಿತ್ತಬಹುದು. ನಮ್ಮಂಥ ಕೈ ಬಿಗಿಯ ಸೀಮೆಗೆ ಇದು ಸಣ್ಣ ಮಾತಲ್ಲವೆಂದು ನಮ್ಮ ಅಭಿಪ್ರಾಯ. ಪೇಟೆಯವರು ಮಾತ್ರ ಗಟ್ಟಿ ತೊಗಟೆಯ, ಲಾರಿಯಲ್ಲಿ ದೂರ ಹೋಗುವ ಮಿಶ್ರತಳಿಯ ಹಣ್ಣನ್ನೇ ಕೇಳುತ್ತ ಬಂದಿದ್ದಾರೆ.

ಮಿಶ್ರತಳಿಯ ಮಾತು ಬಂದರೆ ಹೆಸರಘಟ್ಟಕ್ಕೆ ಬರಬೇಕು. ೧೯೬೭ರಲ್ಲಿ ಅಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯು ತನ್ನ ತಳಿಗಳಿಗೆ ಅರ್ಕಾವತಿ ಹೊಳೆಯ ನೆನಪಿನಲ್ಲಿ ‘ಅರ್ಕಾ’ ಎಂದು ಹೆಸರು ಹಚ್ಚುತ್ತದೆ. ಅಲ್ಲಿ ತರಕಾರಿ ವಿಭಾಗದ ವಿಜ್ಞಾನಿಯಾಗಿ ಟೊಮೆಟೊ ತಳಿ ಅಭಿವೃದ್ಧಿಯಲ್ಲಿ ತೊಡಗಿದ್ದ ಎ. ಟಿ. ಸದಾಶಿವ ಅವರು ಒಂದಲ್ಲ, ಮೂರು ರೋಗಗಳನ್ನು ಒಟ್ಟಿಗೆ ತಡೆಯುವ ‘ಅರ್ಕಾ ರಕ್ಷಕ್’ ಎಂಬ ಮಿಶ್ರತಳಿಯನ್ನು ರೂಪಿಸಿದರು: ಎಲೆ ಮುಟುರು, ದುಂಡಾಣು ಸೊರಗು, ಎಲೆಯ ಮೇಲೆ ಬಳೆ ಬಳೆಯಾಗಿ ಕಂದು ಚುಕ್ಕೆ ಬೀಳುವ ಅಂಗಮಾರಿ. ಹಣ್ಣು ೯೦ರಿಂದ ೧೦೦ ಗ್ರಾಂ ತೂಗುತ್ತದೆ, ಗಟ್ಟಿಯಾಗಿ ಕಡುಗೆಂಪಗಿರುತ್ತದೆ. ೧೪೦ ದಿನಗಳಲ್ಲಿ ಹೆಕ್ಟೇರಿಗೆ ೭೫ರಿಂದ ೮೦ ಟನ್ನು ಇಳುವರಿ ಎಂದು ಸಂಸ್ಥೆ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಎಕರೆಗೆ ೩೦ ಟನ್ನಿಗೂ ಮೇಲಾಯಿತು. ಇದು ಹನಿ ನೀರಾವರಿ, ಕೋಲು ಕಟ್ಟುವುದು, ಸರಿಯಾದ ಗೊಬ್ಬರ ಎಲ್ಲ ಇದ್ದಾಗಿನ ಮಾತು. ಅರ್ಧ ದಿನ ವಿದ್ಯುತ್ತು ಇಲ್ಲದ, ಬೇಸಿಗೆಯಲ್ಲಿ ಬಾವಿ ಕೈಕೊಡುವ ತೋಟದವರು ಆ ಸಂಖ್ಯೆಯನ್ನು ನಂಬಿ ಸಾಲ ಮಾಡಬಾರದು. ರೋಗ ತಡೆಯುವ ಗುಣ ನಷ್ಟವನ್ನು ತಡೆಯುತ್ತದೆ, ನೀರನ್ನು ಹುಟ್ಟಿಸುವುದಿಲ್ಲ.

ದುಂಡಾಣು ಸೊರಗು ಎಂದೆವು. ಹಸುರಾಗಿದ್ದ ಗಿಡ ಎರಡೇ ದಿನದಲ್ಲಿ ಬಾಡಿ ತಲೆಬಾಗಿದರೆ ನೀರು ಸಾಲದೆಂದು ಇನ್ನಷ್ಟು ನೀರು ಕಟ್ಟುವವರುಂಟು. ಅದರಿಂದ ರೋಗ ಮತ್ತಷ್ಟು ಹರಡುತ್ತದೆ. ಗುರುತಿಸುವ ಬಗೆ ಸುಲಭ. ಬಾಡಿದ ಗಿಡದ ಬುಡದ ಕಾಂಡವನ್ನು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿಯ ಎಳೆ ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು. ಈ ರೋಗ ಮಣ್ಣಿನಲ್ಲಿ ಉಳಿಯುತ್ತದೆ. ಅಂಥ ಜಾಗದಲ್ಲಿ ಟೊಮೆಟೊದ ಮೇಲೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದರೆ ರೋಗಕ್ಕೆ ಮತ್ತೆ ಊಟವಿಟ್ಟಂತೆ. ರಾಗಿ, ಜೋಳ, ಮುಸುಕಿನ ಜೋಳ ಹಾಕಿ ಅದನ್ನು ಉಪವಾಸ ಕೆಡವಬೇಕು.

ಮಿಶ್ರತಳಿಯ ಹಣ್ಣಿನಿಂದ ಬೀಜ ತೆಗೆದು ಮುಂದಿನ ವರ್ಷ ಬಿತ್ತಬಹುದೇ? ಗಿಡ ಬರುತ್ತದೆ, ಗುಣ ಬರುವುದಿಲ್ಲ. ಲೆಕ್ಕ ಹೀಗಿದೆ. ರೋಗ ತಡೆಯುವ ಒಂದು ಗುಣ ತಾಯಿ ತಂದೆಗಳಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ, ಮಿಶ್ರತಳಿಯ ಬೀಜದಿಂದ ಹುಟ್ಟಿದ ಪ್ರತಿ ನಾಲ್ಕು ಗಿಡದಲ್ಲಿ ಮೂರಕ್ಕೆ ಆ ಗುಣ ಸಿಗುತ್ತದೆ, ಒಂದಕ್ಕೆ ಇಲ್ಲ. ಅಂಥ ಎರಡು ಗುಣವಾದರೆ ಎರಡೂ ಕೂಡಿ ಬರುವುದು ೧೬ ಗಿಡದಲ್ಲಿ ೯ಕ್ಕೆ. ಮೂರಾದರೆ ೬೪ರಲ್ಲಿ ೨೭ಕ್ಕೆ. ಎಂದರೆ ಅರ್ಧಕ್ಕೂ ಕಡಿಮೆ. ನಿಜವಾಗಿ ಸೊರಗು ರೋಗ ತಡೆಯುವ ಗುಣ ಒಂದೇ ಅಂಶದಿಂದ ಬಂದುದಲ್ಲವಾದ್ದರಿಂದ ಫಲ ಇನ್ನೂ ಕೆಳಗಿಳಿಯುತ್ತದೆ. ಬೀಜದ ದುಡ್ಡು ಉಳಿಸಹೋಗಿ ಅರ್ಧ ತೋಟ ಕಳೆದುಕೊಳ್ಳುವುದು ಜಾಣತನವಲ್ಲ. ಬೀಜ ಇಟ್ಟುಕೊಳ್ಳಬೇಕೆನ್ನುವವರು ಮೊದಲು ಹೇಳಿದ ಮೂರು ತಳಿಗಳಂಥವನ್ನು ಹುಡುಕಬೇಕು.

ರಕ್ಷಕ್ ಎಂಬ ಹೆಸರು ಕೇಳಿ ಎಲ್ಲ ರೋಗಕ್ಕೂ ರಕ್ಷೆಯೆಂದು ತಿಳಿಯುವವರಿಗೆ ನಮ್ಮ ಸೀಮೆಯಲ್ಲಿ ವಿಶೇಷವಾಗಿ ಒಂದು ಎಚ್ಚರಿಕೆ. ಕಡಲೆಕಾಯಿಗೆ ಬರುವ ಕುಡಿ ಸಾಯುವ ರೋಗ, ಮೊವ್ವುಕುಳ್ಳು ಎನ್ನುತ್ತೇವಲ್ಲ, ಅದರ ನಂಜು ಟೊಮೆಟೊಗೂ ಬರುತ್ತದೆ. ಅದನ್ನು ತರುವುದು ಬಿಳಿ ನೊಣವಲ್ಲ, ನುಸಿ. ಎಳೆಯ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಕುಡಿ ಕಪ್ಪಾಗಿ ಸತ್ತು, ಕಾಯಿಯ ಮೇಲೆ ಉಂಗುರ ಉಂಗುರವಾಗಿ ಮಚ್ಚೆ ಬಿದ್ದರೆ ಅದು ಎಲೆ ಮುಟುರಲ್ಲ. ಎಲೆ ಮುಟುರು ತಡೆಯುವ ಗುಣ ಅದನ್ನು ತಡೆಯುವುದಿಲ್ಲ. ಸುತ್ತ ಕಡಲೆಕಾಯಿ ಹೊಲ, ನಡುವೆ ಟೊಮೆಟೊ ಇಟ್ಟವರು ಕುಡಿ ಸತ್ತ ಗಿಡವನ್ನು ನೋಡಿ, ಬೀಜದವನು ಮೋಸ ಮಾಡಿದನೆಂದು ಹೇಳುವ ಮೊದಲು ಕಾಯಿಯ ಮಚ್ಚೆ ನೋಡಬೇಕು.

ಎಲೆ ಮುಟುರು ನಂಜೂ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನ ಸುತ್ತ ಕಂಡದ್ದು ಒಂದು ಬಗೆ, ದೆಹಲಿಯ ಕಡೆ ಮೊದಲು ಗುರುತಿಸಿದ್ದು ಇನ್ನೊಂದು ಬಗೆ. ಎಚ್ ೨೪ರಿಂದ ಬಂದ ಗುಣ ಬೆಂಗಳೂರಿನ ಬಗೆಗೆ ಎದುರು ನಿಲ್ಲುತ್ತದೆ, ದೆಹಲಿಯ ಬಗೆಗೆ ಸಾಲದು. ಇನ್ನೊಂದು ಕಾಡು ಟೊಮೆಟೊದಿಂದ ಬಂದ ಎರಡನೆಯ ಗುಣವನ್ನೂ ಅದರ ಜೊತೆಗೆ ಒಂದೇ ಗಿಡದಲ್ಲಿ ಕೂಡಿಸಿದರೆ ಎರಡೂ ಬಗೆಯ ನಂಜಿಗೆ ತಡೆಯಾಗುತ್ತದೆಂದು ಭಾರತದ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದರು. ಹೆಸರಘಟ್ಟದ ‘ಅರ್ಕಾ ಅಭೇದ್’ ಎಂಬ ಮಿಶ್ರತಳಿಯಲ್ಲಿ ಹೀಗೆ ಎರಡೂ ಗುಣಗಳಿವೆ. ಚಳಿ, ಮೋಡ, ತುಂತುರು ಹಿಡಿದಾಗ ಬರುವ ತಡವಾದ ಅಂಗಮಾರಿಯನ್ನೂ ಅದು ತಡೆಯುತ್ತದೆ.

ತಳಿ ಯಾವುದೇ ಇರಲಿ, ಒಟ್ಟಲಿನಲ್ಲಿಯೇ ರೋಗ ಹತ್ತಿದರೆ ನಾಟಿಯ ದಿನವೇ ನಷ್ಟ ಆರಂಭವಾದಂತೆ. ಅತಿ ಎಳೆಯ ಗಿಡಕ್ಕೆ ನೊಣದ ದಾಳಿ ಹೆಚ್ಚಾದರೆ ತಡೆಯುವ ತಳಿಯೂ ಬಳಲುತ್ತದೆ. ನಮ್ಮನ್ನು ಕೇಳಿದರೆ ದುಬಾರಿ ಬೀಜಕ್ಕಿಂತ ಮೊದಲು ನೈಲಾನ್ ಪರದೆಗೆ ಹಣ ಹಾಕಿರಿ ಎನ್ನುತ್ತೇವೆ. ಇಂಚಿಗೆ ೪೦ರಿಂದ ೫೦ ಕಣ್ಣುಗಳಿರುವ ಸಣ್ಣ ಕಣ್ಣಿನ ಪರದೆ ಬೇಕು. ಸೊಳ್ಳೆಪರದೆಯ ಕಣ್ಣಿನಲ್ಲಿ ಬಿಳಿ ನೊಣ ಸಲೀಸಾಗಿ ತೂರುತ್ತದೆ. ಬಿದಿರಿನ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ ಸಸಿಮಡಿಯ ಮೇಲೆ ನೆಟ್ಟು, ಬೀಜ ಬಿತ್ತಿದ ದಿನವೇ ಪರದೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ನೀರನ್ನು ಪರದೆಯ ಮೇಲಿಂದಲೇ ಚಿಮುಕಿಸಬಹುದು. ಇಪ್ಪತ್ತೈದು ಮೂವತ್ತು ದಿನಕ್ಕೆ ಸಸಿ ಕಿತ್ತು ನಾಟಿ ಮಾಡುವವರೆಗೆ ಅದನ್ನು ಎತ್ತಕೂಡದು. ಸಸಿಯನ್ನು ಕೊಂಡು ತರುವವರು ಆ ಸಸಿ ಪರದೆಯೊಳಗೆ ಬೆಳೆದದ್ದೇ, ಪರದೆ ಹರಿದಿದೆಯೇ ಎಂದು ಕಣ್ಣಾರೆ ನೋಡಿ ತರಬೇಕು.

ನಾಟಿಗೆ ಹತ್ತಾರು ದಿನ ಮುಂಚೆ ತೋಟದ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಅಥವಾ ಜೋಳ ಒತ್ತಾಗಿ ಬಿತ್ತಿದರೆ ಹಾರಿಬರುವ ನೊಣಕ್ಕೆ ಅದೊಂದು ಬೇಲಿ, ಸೊಪ್ಪೆ ದನಕ್ಕಾಯಿತು. ನೊಣಕ್ಕೆ ಹಳದಿ ಬಣ್ಣದ ಮೋಹವಿದೆ. ಹಳದಿ ತಗಡಿಗೆ ಅಂಟು ಬಳಿದು ಗಿಡದ ಎತ್ತರಕ್ಕೆ ನೆಟ್ಟರೆ ಬಂದು ಅಂಟುತ್ತದೆ. ಎಷ್ಟು ಅಂಟಿತೆಂಬುದನ್ನು ನೋಡಿ ಔಷಧ ಬೇಕೋ ಬೇಡವೋ ತೀರ್ಮಾನಿಸಬಹುದು. ನಾಟಿಯಾದ ಮೊದಲ ತಿಂಗಳು ದಿನಕ್ಕೊಮ್ಮೆ ಸಾಲು ಸುತ್ತಿ, ಮುಟುರಿದ ಗಿಡ ಕಂಡರೆ ಕೂಡಲೆ ಕಿತ್ತು ಹೂಳಬೇಕು. ಹೆಂಗಸರ ಕಣ್ಣಿಗೆ ಇದು ಗಂಡಸರಿಗಿಂತ ಬೇಗ ಬೀಳುತ್ತದೆಂಬುದು ನಾವು ಕಂಡ ಮಾತು. ಹಣ್ಣು ಮುಗಿದ ಹಳೆಯ ತೋಟವನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸ ಸಸಿ ನೆಡುವುದಂತೂ ಬೇಡವೇ ಬೇಡ. ತಡೆಯುವ ತಳಿಯ ಗಿಡದೊಳಗೂ ಅಷ್ಟಿಷ್ಟು ನಂಜು ಇರುತ್ತದೆ. ಅದು ತಾನು ಕೆಡದೆ ನೆರೆಯವನ ತೋಟಕ್ಕೆ ಮೂಲವಾಗಬಲ್ಲುದು.

ಕಾಲದ ಆಯ್ಕೆಯೂ ಇದೆ. ಫೆಬ್ರವರಿಯಿಂದ ಮೇವರೆಗೆ ನೆಟ್ಟ ತೋಟಗಳಲ್ಲಿ ಈ ರೋಗ ಹೆಚ್ಚು, ಮಳೆಗಾಲದ ನಡುವೆ ಹಾಗೂ ಅದರ ಕೊನೆಗೆ ನೆಟ್ಟದ್ದರಲ್ಲಿ ಕಡಿಮೆ ಎಂದು ಬೆಂಗಳೂರಿನ ಪ್ರಯೋಗಗಳು ತೋರಿಸಿವೆ. ಬೇಸಿಗೆಯ ಬೆಲೆಯ ಆಸೆ ನಮಗೆ ತಿಳಿಯದ್ದಲ್ಲ. ೨೦೨೩ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಕಂಡವರು ಮರೆಯಲಾರರು. ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದ ವರ್ಷಗಳನ್ನೂ ಮರೆಯಬಾರದು. ಬೇಸಿಗೆಗೆ ನೆಡಲೇಬೇಕೆನ್ನುವವನು ತಡೆಯುವ ತಳಿ, ಪರದೆಯೊಳಗಿನ ಸಸಿ ಎರಡೂ ಇಲ್ಲದೆ ನೆಡದಿರಲಿ. ಬಾವಿಯ ಆಸರೆಯಿಲ್ಲದೆ ಮಳೆಯನ್ನೇ ನಂಬಿದವರಿಗೆ ಹೆಸರಘಟ್ಟದ ‘ಅರ್ಕಾ ಮೇಘಾಲಿ’ ಎಂಬ ತಳಿಯಿದೆ. ಹೆಕ್ಟೇರಿಗೆ ೧೮ ಟನ್ನು, ಎಕರೆಗೆ ಸುಮಾರು ೭ ಟನ್ನು ಅದರ ಇಳುವರಿ. ರಕ್ಷಕ್‌ನ ಮುಂದೆ ಸಣ್ಣ ಸಂಖ್ಯೆಯಾದರೂ ನೀರಿಲ್ಲದ ಹೊಲದಲ್ಲಿ ಹೋಲಿಕೆಯೇ ಬೇರೆ. ಅದು ಎಲೆ ಮುಟುರು ತಡೆಯಲೆಂದು ಮಾಡಿದ ತಳಿಯಲ್ಲವೆಂಬುದು ನೆನಪಿರಲಿ.

ಈ ಅರ್ಕಾ ತಳಿಗಳ ಬೀಜ ಹೆಸರಘಟ್ಟದ ಸಂಸ್ಥೆಯಲ್ಲಿ ಸಿಗುತ್ತದೆ. ಊರಿನ ಓದಿದ ಹುಡುಗರು ಮೊಬೈಲಿನಲ್ಲಿ ಸಂಸ್ಥೆಯ ಬೀಜ ಮಾರಾಟದ ತಾಣದಿಂದಲೂ ತರಿಸಿಕೊಡಬಲ್ಲರು. ಅಂಗಡಿಯಲ್ಲಿ ಕೊಳ್ಳುವವರು ಪೊಟ್ಟಣದ ಮೇಲೆ ತಳಿಯ ಹೆಸರು, ರಾಶಿ ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ತಾರೀಖು ಇವನ್ನು ಓದಿಸಿಕೊಳ್ಳಬೇಕು. ಟೊಮೆಟೊ ಬೀಜ ನೂರಕ್ಕೆ ೭೦ಕ್ಕೆ ಕಡಿಮೆಯಿಲ್ಲದಂತೆ ಮೊಳೆಯಬೇಕೆಂಬುದು ನಿಯಮ. ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದು ಓದಲಾಗದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ರಸೀತಿಯನ್ನೂ ಖಾಲಿ ಪೊಟ್ಟಣವನ್ನೂ, ಅದರ ತಳದಲ್ಲಿ ಒಂದು ಚಿಟಿಕೆ ಬೀಜ ಉಳಿಸಿ, ಕೊಯ್ಲು ಮುಗಿಯುವವರೆಗೆ ಒಲೆಯ ಹೊಗೆ ತಾಗದ ಕಡೆ ಕಟ್ಟಿಡಿ. ಬೀಜ ಕೆಟ್ಟದ್ದೆಂದು ದೂರು ಕೊಡುವ ಪ್ರಸಂಗ ಬಂದರೆ ಕೃಷಿ ಇಲಾಖೆಯವರು ಮೊದಲು ಕೇಳುವುದು ಇವನ್ನೇ.